ಲಚಮ್ಯಾ ನಡುಗಡ್ಡಿಗೆ ಹೋದದ್ದು

ಮೊನ್ನೆ ಜೇವರ್ಗಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಅವಳೂ ಅವಳ ಗೆಳತಿಯರೂ ಸೇರಿ ಮೊಬೈಲಿನಲ್ಲೇ ಹಾಸ್ಯದ ಕಂತುಗಳನ್ನು ಮಾಡಿ ಹಾಕುತ್ತಾರಂತೆ. "ಅಕ್ಕಾರ, ಆ ನಡುಗಡ್ಡಿ ಎಪಿಸೋಡ್ ಬರದವ್ರು ನೀವೇ ಅಂತಲ್ರಿ? ಅದನ್ನ ಹೆಂಗ ಬರದ್ರಿ ಹೇಳ್ರಿ, ನಮಗೂ ಅಂಥಾದ್ದೊಂದು ಬೇಕಾಗ್ಯದ" ಅಂದಳು. ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಬೇಳೆ ಕೇಳಿದ ಹಾಗೆ ಕೇಳಿದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು. "ತಂಗಿ, ಅದೇನು ಫೋನಿನಾಗ ಹೇಳೋ ಮಾತಲ್ಲವಾ" ಎಂದು ಇಟ್ಟುಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಪಾಪ, ಕೆಲಸ ಕಲಿಯಬೇಕು ಎನ್ನುವ ಹುಡುಗಿ. ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ನೀಲಮ್ಮ. ಅಫಜಲಪುರದ ಒಂದು ಲೋಕಲ್ ಕೇಬಲ್ ಚಾನೆಲ್ಲಿನಲ್ಲಿ ದುಡಿದು ಈಗ ಮನೆಯಲ್ಲಿ ಕುಳಿತವಳು. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಭಾಷಣ ಮಾಡಿ ಬೀಳ್ಕೊಟ್ಟರು. ಮಾರನೆಯ ದಿನ ಬೆಳಿಗ್ಗೆ ಅದೇ ಮಂದಿ ಫೋನ್ ಮಾಡಿ, "ಅಕ್ಕಾರ, ಒಂದು ಡೈಲಾಗ್ ಕೂಡವಲ್ದು, ಒಮ್ಮೆ ಬಂದು ಹೋಗ್ರಿ" ಅಂದರು. ಹೋಗಲಿಲ್ಲ. ಶಾಲು ಹೊದಿಸಿಕೊಂಡ ಮೇಲೆ ಒಂದು ದಿನವಾದರೂ ಮರ್ಯಾದೆಯಿಂದ ಮನೆಯಲ್ಲಿ ಇರಬೇಡವೇ?

ನಾನು ಆ ಕೆಲಸಕ್ಕೆ ಸೇರಿದ್ದು ಬರೆಯಲಿಕ್ಕಲ್ಲ, ಫೋನ್ ಎತ್ತಲಿಕ್ಕೆ. ಕೇಬಲ್ ಆಫೀಸು ಅಂದರೆ ಆಗ ದಿನವೆಲ್ಲ ಜನರ ಬೈಗುಳ ತಿನ್ನುವ ಜಾಗ. "ಟೀವಿ ಬರವಲ್ದು" ಎಂದು ಒಬ್ಬ ಕೂಗಾಡುತ್ತಿದ್ದ. "ಮನ್ಯಾಗ ಕರೆಂಟ್ ಅದೇನ್ರಿ?" ಅಂತ ಕೇಳಿದೆ. "ಇಲ್ರಿ" ಅಂದ. "ಮತ್ತ ಟೀವಿ ಹೆಂಗ ಬರಬೇಕ್ರಿ, ಚಿಮಣಿ ಎಣ್ಣಿ ಮ್ಯಾಲ?" ಅಂದೆ. ಹಿಂದೆ ಮಾಲಕರು ನಿಂತು ಕೇಳಿಸಿಕೊಂಡಿದ್ದರು. ಕೆಲಸ ಹೋಯಿತು ಅಂತಲೇ ತಿಳಿದೆ. ಅವರು ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದು, "ನೀಲಮ್ಮ, ನೀ ಮಂದಿಗಿ ಬೈಯೋದು ಪುಕ್ಕಟ ಹೊಂಟದ. ಬರದು ಕೊಡು, ಸೀರಿಯಲ್ ಮಾಡೂಣು" ಅಂದರು. ನನ್ನ ವೃತ್ತಿ ಶುರುವಾದದ್ದು ಹೀಗೆ.

ಮಾಲಕರ ಹೆಸರು ಚಾಂದಸಾಬ್. ಮೊದಲು ಮದುವೆಗಳ ವಿಡಿಯೋ ತೆಗೆಯುತ್ತಿದ್ದವರು. ಸಿಟ್ಟು ಮೂಗಿನ ತುದಿಯಲ್ಲಿ, ಕರುಳು ಬೆಣ್ಣೆ. ಅವರಿಗೆ ಗೊತ್ತಿದ್ದ ಡೈರೆಕ್ಷನ್ ಎಲ್ಲ ಮದುವೆ ಮನೆಯದು. ನಮ್ಮ ಮೊದಲ ಕಂತಿನಲ್ಲಿ ಗೌಡ ಹೆಂಡತಿಗೆ ಬೈಯುತ್ತಾನೆ, ಹೆಂಡತಿ ಅಳುತ್ತಾಳೆ. ಚಾಂದಸಾಬರು ಅಭ್ಯಾಸದಂತೆ, "ಎಲ್ಲಾರೂ ಈ ಕಡಿ ನೋಡ್ರಿ, ಸ್ವಲ್ಪ ನಗ್ರಿ" ಅಂದುಬಿಟ್ಟರು. ನಟರೂ ಪಾಪ ಕ್ಯಾಮೆರಾ ನೋಡಿ ನಕ್ಕರು. ಹಾಗೇ ಪ್ರಸಾರವೂ ಆಯಿತು. ಜನ ಬಿದ್ದು ಬಿದ್ದು ನಕ್ಕರು. ನಾವು ಅದನ್ನೇ ನಮ್ಮ ಶೈಲಿ ಎಂದು ಹೇಳಿಕೊಂಡು ತಿರುಗಿದೆವು.

ಧಾರಾವಾಹಿಯ ಹೆಸರು 'ಪಡಸಾಲಿ'. ಕಥೆಯೆಲ್ಲ ಒಬ್ಬ ಗೌಡನ ಮನೆಯ ಪಡಸಾಲೆಯಲ್ಲೇ ನಡೆಯುತ್ತದೆ. ಇದರಲ್ಲಿ ಕಲೆಯ ಮಾತೇನೂ ಇಲ್ಲ, ನಮ್ಮ ಹತ್ತಿರ ಇದ್ದದ್ದೇ ಒಂದು ಕೋಣೆ. ಗೌಡ ಗಾದಿಯ ಮೇಲೆ ಕುಳಿತು, "ಲಚಮ್ಯಾ, ಚಾ!" ಎಂದು ಕೂಗುತ್ತಾನೆ. ಒಳಗಿನಿಂದ, "ಬಂದೆರೀ ಧಣೀ!" ಎಂಬ ದನಿ ಬರುತ್ತದೆ. ಆಳು ಲಚಮ್ಯಾ ಟ್ರೇ ಹಿಡಿದು, ಧೋತರದ ಚುಂಗು ಎತ್ತಿಕೊಂಡು, ತುದಿಗಾಲಲ್ಲಿ ಬರುತ್ತಾನೆ. ಯಾವಾಗಲೂ ಬರಬಾರದ ಹೊತ್ತಿಗೇ ಬರುತ್ತಾನೆ. ಕೇಳಬಾರದ ಗುಟ್ಟು ಕೇಳುತ್ತಾನೆ. ಗೌಡ ಒಂದು ಗುಟುಕು ಕುಡಿದು, "ಆರಿ ಹೋಗ್ಯದಲೇ!" ಎಂದು ಬೈಯುತ್ತಾನೆ. ಲಚಮ್ಯಾ, "ತಪ್ಪಾಯ್ತ್ರಿ ಧಣೀ" ಅನ್ನುತ್ತಾನೆ. ಇಷ್ಟಕ್ಕೇ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಮಂದಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಲಚಮ್ಯಾನ ಪಾತ್ರ ಮಾಡಿದವರು ಶಿವಶರಣಪ್ಪನವರು. ಬಜಾರದಲ್ಲಿ ಅವರದು ಟೇಲರ್ ಅಂಗಡಿ. ನಮ್ಮ ಸೆಟ್ಟಿಗೆ ಪರದೆ ಹೊಲಿದು ಕೊಡಲು ಬಂದಿದ್ದರು. ಆವತ್ತು ಆಳಿನ ಪಾತ್ರದವನು ಕೈಕೊಟ್ಟಿದ್ದ. ಚಾಂದಸಾಬರು ಟ್ರೇ ತಂದು ಅವರ ಕೈಗಿಟ್ಟು, "ಬರೇ ನಡದು ಬರ್ರಿ, ಮಾತಿಲ್ಲ" ಅಂದರು. ಶಿವಶರಣಪ್ಪನವರು ಚಹಾ ಚೆಲ್ಲೀತು ಎಂಬ ಅಂಜಿಕೆಗೆ ತುದಿಗಾಲಲ್ಲಿ ನಡೆದು ಬಂದರು. ಆ ನಡಿಗೆಯೇ ಅವರ ಹಣೆಬರಹ ಆಯಿತು.

ನಾವು ಹೇಗೆ ಕೆಲಸ ಮಾಡುತ್ತಿದ್ದೆವು ಅಂತ ನೀವು ಕೇಳುತ್ತೀರಿ. ನಿಮಗೀಗ ಎಷ್ಟು ಮಂದಿ ನೋಡಿದರು ಅಂತ ಫೋನೇ ಹೇಳುತ್ತದೆ. ನಮಗೆ ಹೇಳುತ್ತಿದ್ದವಳು ಕಾಶೀಬಾಯಿ. ಆಫೀಸಿನ ಪಕ್ಕದ ಮನೆಯಲ್ಲಿ ಅವಳೂ ಇನ್ನು ಕೆಲವು ಹೆಣ್ಣುಮಕ್ಕಳೂ ಸೇರಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ಕಾಶೀಬಾಯಿಗೆ ವಯಸ್ಸಾಗಿತ್ತು, ಎಲ್ಲರೂ ಆಯಿ ಅನ್ನುತ್ತಿದ್ದರು. ನಾನು ಬರೆದದ್ದನ್ನು ಹೊಸ್ತಿಲ ಮೇಲೆ ಕುಳಿತು ಅವರಿಗೆ ಓದುತ್ತಿದ್ದೆ. ರೊಟ್ಟಿ ಬಡಿಯುವ ಸಪ್ಪಳ ಒಂದೇ ಸವನೆ ಕೇಳುತ್ತಿದ್ದರೆ ದೃಶ್ಯ ನಾಪಾಸು. ನಗೆ ಬಂದು ಬಡಿಯುವ ಕೈ ತಪ್ಪಿದರೆ ಪಾಸು. ಒಮ್ಮೆ ನಾನು ಬಹಳ ಜಂಬದಿಂದ ಬರೆದ ಒಂದು ದೃಶ್ಯಕ್ಕೆ ಯಾವ ಕೈಯೂ ತಪ್ಪಲಿಲ್ಲ. ಆಯಿ ರೊಟ್ಟಿ ತಿರುವಿ ಹಾಕುತ್ತಾ, "ಭಾಳ ಶಾಣ್ಯಾತನ ಮಾಡಿದಿ ಬಿಡು" ಅಂದಳು. ಅದನ್ನು ಹರಿದು ಒಲೆಗೆ ಹಾಕಿದೆ. ರೊಟ್ಟಿಗಾದರೂ ಉಪಯೋಗವಾಯಿತು.

ಆಗ ಎಲ್ಲವೂ ಕ್ಯಾಸೆಟ್. ನಮ್ಮ ಚಾನೆಲ್ಲಿನಲ್ಲಿ ಹಾಕಿದ ಮೇಲೆ ಅದೇ ಕ್ಯಾಸೆಟ್ಟನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಜೇವರ್ಗಿಗೆ, ಆಳಂದಕ್ಕೆ ಕಳಿಸುತ್ತಿದ್ದೆವು. ಒಂದು ವಾರ ಚಾಂದಸಾಬರು ಗಡಿಬಿಡಿಯಲ್ಲಿ ಕರಜಗಿಯ ಒಂದು ಮದುವೆಯ ಕ್ಯಾಸೆಟ್ ಕೊಟ್ಟು ಕಳಿಸಿಬಿಟ್ಟರು. ಜೇವರ್ಗಿಯ ಮಂದಿ 'ಪಡಸಾಲಿ' ಅಂತ ಕುಳಿತು ಆ ಮದುವೆಯನ್ನೇ ಪೂರಾ ನೋಡಿದರು. ನಾನು ಹೆದರಿಕೊಂಡೇ ಫೋನ್ ಎತ್ತಿದೆ. ಒಬ್ಬ ಹೆಣ್ಣುಮಗಳು, "ಅಕ್ಕಾರ, ಭಾಳ ಛಲೋ ಇತ್ರಿ. ಆದ್ರ ಆ ಹುಡುಗನ ಸ್ವಾದರಮಾವ ಊಟಕ್ಕ ಕೂಡದೇ ಸಿಟ್ಟಾಗಿ ಎದ್ದು ಹೋದ್ನಲ್ರಿ, ಬರೋ ವಾರ ಬರ್ತಾನೇನ್ರಿ?" ಅಂತ ಕೇಳಿದಳು. ನಾನು ಏನು ಹೇಳಲಿ? "ಬರ್ತಾನವಾ, ಕರಕೊಂಡು ಬರ್ಲಿಕ್ಕಿ ಹೋಗ್ಯಾರ" ಅಂದೆ. ಆಮೇಲೆ ಸಿಡಿ ಬಂತು, ಕಂಪ್ಯೂಟರ್ ಬಂತು, ಪೆನ್ ಡ್ರೈವ್ ಬಂತು, ಕಂಡಕ್ಟರ್ ಗೆಳೆತನ ಹೋಯಿತು. ಆದರೆ ನಮ್ಮ ನೋಡುಗರ ಸ್ವಭಾವ ಹಾಗೇ ಉಳಿಯಿತು. ತೆರೆಯ ಮೇಲೆ ಒಬ್ಬ ಸಿಟ್ಟಾಗಿ ಎದ್ದು ಹೋದರೆ ಅವನಿಗೆ ಊಟ ಆಯಿತೋ ಇಲ್ಲವೋ ಎಂಬ ಚಿಂತೆ ಅವರಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಶಿವಶರಣಪ್ಪನವರ ಮಾತು. ಊರಿಗೆಲ್ಲ ಪ್ರೀತಿಯ ಮನುಷ್ಯ, ಆದರೆ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬಜಾರದಲ್ಲಿ ಹೊರಟರೆ ಆ ಕಡೆಯಿಂದ ಒಬ್ಬ, "ಲಚಮ್ಯಾ, ಚಾ!" ಈ ಕಡೆಯಿಂದ ಇನ್ನೊಬ್ಬ, "ಆರಿ ಹೋಗ್ಯದಲೇ!" ಬ್ಯಾಂಕಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸತ್ತವರ ಮನೆಯಲ್ಲಿ ಕೂಡ. ಅವರು ಎಲ್ಲರಿಗೂ ನಗುತ್ತಾ, "ಬಂದೆರೀ ಧಣೀ" ಅನ್ನುತ್ತಿದ್ದರು. ಅಂದರೆ ಮಂದಿಗೆ ಖುಷಿ. ಅನ್ನದಿದ್ದರೆ, "ಭಾಳ ದೊಡ್ಡಾಂವ ಆಗ್ಯಾನ ಮಗ" ಎಂಬ ಮಾತು. ಅಂಗಡಿಯ ಬೋರ್ಡಿನ ಮೇಲೆ ಅವರ ಹೆಸರು ದೊಡ್ಡದಾಗಿ ಬರೆದಿತ್ತು. ಯಾರೂ ತಲೆ ಎತ್ತಿ ಓದುತ್ತಿರಲಿಲ್ಲ, "ಲಚಮ್ಯಾನ ಅಂಗಡಿ" ಅಂದರೆ ಸಾಕಾಗಿತ್ತು.

ಒಂದು ದಿನ ಅವರು ಆಫೀಸಿಗೆ ಬಂದು ನನ್ನ ಎದುರು ಕುಳಿತರು. ಮುಖ ಸಣ್ಣದಾಗಿತ್ತು.

"ಅಕ್ಕಾರ, ನನ್ನ ಬಿಟ್ಟುಬಿಡ್ರಿ. ಲಚಮ್ಯಾನ್ನ ಎಲ್ಲಿಗಾರ ಕಳಿಸಿಬಿಡ್ರಿ, ಹೊಳ್ಳಿ ಬರಬಾರ್ದು."

"ಯಾಕ್ರಿ, ಏನಾತು?"

ಮಗಳು ಭಾಗ್ಯಶ್ರೀಯನ್ನು ನೋಡಲು ನಿಂಬರ್ಗಾದಿಂದ ವರನ ಕಡೆಯವರು ಬಂದಿದ್ದರಂತೆ. ಮಾತೆಲ್ಲ ಚೆನ್ನಾಗಿಯೇ ನಡೆದಿತ್ತು, ಸಂಬಂಧ ಕೂಡಿಯೂ ಬಂದಿತ್ತು. ವರನ ದೊಡ್ಡಪ್ಪ ಸಿದ್ರಾಮಪ್ಪ ಎಂಬವರು ನಗೆಚಾಟಿಕೆಯ ಮನುಷ್ಯ. ಎಲ್ಲರೂ ಕುಳಿತಿದ್ದಾಗ ತೊಡೆ ತಟ್ಟಿ, "ಲಚಮ್ಯಾ, ಚಾ!" ಎಂದು ಕೂಗಿದರು. ಮನೆಯೆಲ್ಲ ನಕ್ಕಿತು.

"ನಗೋದು ಬಿಡ್ರಿ ಅಕ್ಕಾರ, ಅದು ರೂಢಿ ಆಗ್ಯದ" ಅಂದರು ಶಿವಶರಣಪ್ಪನವರು. "ಆದ್ರ ನಾ ಎದ್ದೇನ್ರಿ. ನನ್ನ ಮನ್ಯಾಗ, ಬೀಗರ ಮುಂದ, ನನಗ ಗೊತ್ತಿಲ್ದಂಗ ನಾನೇ ಎದ್ದು ಒಳಗ ಹೋಗಿ ಟ್ರೇ ಹಿಡಕೊಂಡು ತುದಿಗಾಲ ಮ್ಯಾಲ ಬಂದೇನಿ. ನನ್ನ ಮಗಳು ಬಾಗಲ ಸಂದಿಯಿಂದ ನೋಡಾಕತ್ತಿದ್ಳು. ಆಕಿ ನಗಲಿಲ್ರಿ."

ಲಚಮ್ಯಾನನ್ನು ಹುಟ್ಟಿಸಿದವಳು ನಾನು, ಅವನು ಈ ಸಂಭಾವಿತ ಮನುಷ್ಯನ ಹೆಸರನ್ನೇ ನುಂಗಿ ಕುಳಿತಿದ್ದ. ಮಗಳ ಮದುವೆಯ ಪತ್ರಿಕೆಯಲ್ಲಿ ಶಿವಶರಣಪ್ಪ ಎಂದು ಅಚ್ಚಾದರೆ ಓದಿದವರು 'ಇದು ಯಾರು' ಎಂದು ಕೇಳುವ ಹಾಗಾಗಿತ್ತು. ಕಳಿಸುತ್ತೇನೆ ಎಂದು ಮಾತು ಕೊಟ್ಟೆ.

ಚಾಂದಸಾಬರು ಕುಣಿದಾಡಿದರು. "ಅರೇ, ಲಚಮ್ಯಾ ಇಲ್ದ ಪಡಸಾಲಿ ಏನದ? ಗೌಡ ಯಾರಿಗಿ ಬೈಬೇಕು, ಗ್ವಾಡಿಗೇನು?" ನಾನೂ ಬಿಡಲಿಲ್ಲ. ಕಡೆಗೆ ಸಿಟ್ಟಿನಲ್ಲಿ, "ಹೋಗೋದೇ ಇದ್ರ ಸತ್ತು ಹೋಗಲಿ. ಹಾವು ಕಡಸು, ಲಾರಿ ಹಾಯಿಸು" ಅಂದರು. ಹಾಸ್ಯದ ಧಾರಾವಾಹಿಯಲ್ಲಿ ಯಾರನ್ನೂ ಸಾಯಿಸಬಾರದು ಎಂಬುದು ನನ್ನ ಪದ್ಧತಿ. ಬಾಗಿಲಲ್ಲಿ ನಿಂತಿದ್ದ ಶಿವಶರಣಪ್ಪನವರೂ ಗಾಬರಿಯಾಗಿ ಕೈಮುಗಿದು, "ಸಾಯಿಸಬ್ಯಾಡ್ರಿ ಮಾಲಕ, ಮನ್ಯಾಗ ಲಗ್ನ ಅದ" ಅಂದರು. ಚಾಂದಸಾಬರಿಗೆ ಅಷ್ಟು ಸಿಟ್ಟಿನಲ್ಲೂ ನಗು ತಡೆಯಲಿಲ್ಲ, ಅಲ್ಲಿಗೆ ಅವರು ಸೋತರು.

ಆದರೆ ಎಲ್ಲಿಗೆ ಕಳಿಸುವುದು? ಪುಣೆಗೆ ಕಳಿಸಿದರೆ ಹಬ್ಬಕ್ಕೆ ಬರಬೇಕಲ್ಲ ಎಂದು ಜನ ಕಾಯುತ್ತಾರೆ. ಸೊಲ್ಲಾಪುರಕ್ಕೆ ಕಳಿಸಿದರೆ ಸಂಜೆಗೇ ಬಸ್ಸಿದೆ. ಯಾವ ಊರು ಯೋಚಿಸಿದರೂ ಅಲ್ಲಿಗೆ ಬಸ್ಸು ಇತ್ತು. ಬಸ್ಸು ಹೋಗದ ಜಾಗ ಬೇಕಾಗಿತ್ತು. ಆಗ ಹೊಳೆ ನೆನಪಾಯಿತು. ನಮ್ಮ ತಾಲ್ಲೂಕಿನಲ್ಲಿ ಭೀಮಾ ಹೊಳೆಯ ನಡುವೆ ಒಂದು ನಡುಗಡ್ಡೆ ಇದೆ. ಉಸುಕು, ಒಂದಿಷ್ಟು ಜಾಲಿ ಗಿಡ, ಯಾರೋ ಹಾಕಿದ ಸವತಿಕಾಯಿ ಬಳ್ಳಿ, ಅಷ್ಟೇ. ಗೌಡನ ಕಾಟ ತಾಳಲಾರದೆ ಲಚಮ್ಯಾ ಓಡಿಹೋಗಿ ಅಲ್ಲಿ ಒಬ್ಬನೇ ರಾಜನ ಹಾಗೆ ಇರುತ್ತಾನೆ ಎಂದು ಬರೆದೆ.

ಅದನ್ನು ಓದಿದಾಗ ರೊಟ್ಟಿಯ ಕೈಗಳು ತಪ್ಪಲಿಲ್ಲ, ಪೂರಾ ನಿಂತುಬಿಟ್ಟವು. ಹಂಚಿನ ಮೇಲೆ ಒಂದು ರೊಟ್ಟಿ ಸೀದು ವಾಸನೆ ಬಂತು. ಆಯಿ ನನ್ನನ್ನು ದುರುಗುಟ್ಟಿ ನೋಡಿದಳು.

"ಒಬ್ಬನ್ನೇ ಬಿಟ್ಟು ಬರ್ತೀರೇನ್ ಬೇ ಅಲ್ಲಿ?"

"ನಾಟಕ ಅದ ಆಯಿ ಇದು."

"ನಾಟಕ ಅಂತ ನನಗ ಗೊತ್ತದ. ಒಬ್ಬನ್ನೇ ಬಿಟ್ಟು ಬರ್ತೀರೇನು ಅಂತ ಕೇಳ್ದೆ."

ನಾನು ಸೀದ ರೊಟ್ಟಿ ತೋರಿಸಿ ಮಾತು ತಪ್ಪಿಸಿದೆ.

ಶೂಟಿಂಗಿನ ಆ ದಿನವನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಬೆವತವರು ನಾವು, ಬಯಲು ಕಂಡು ಮಕ್ಕಳಾದೆವು. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹರಿಗೋಲಿನಲ್ಲಿ ಇಟ್ಟೆವು. ಊರಿಗೆಲ್ಲ ಗದರಿಸುವ ಚಾಂದಸಾಬರಿಗೆ ನೀರೆಂದರೆ ಪ್ರಾಣಭಯ. ಹರಿಗೋಲು ಒಂದು ಸುತ್ತು ತಿರುಗಿದ್ದೇ ತಡ, ಕಣ್ಣು ಮುಚ್ಚಿ ನನ್ನ ಸೆರಗು ಹಿಡಿದುಕೊಂಡು, "ಯಾ ಅಲ್ಲಾ, ಯಾ ಅಲ್ಲಾ" ಅನ್ನುತ್ತಾ ಕುಳಿತರು. ನಡುವೆ ಒಂದು ಕಣ್ಣು ತೆರೆದು, "ಎಲ್ಲಿಗಿ ಬಂದ್ವಿ?" ಅಂದರು. "ಇನ್ನಾ ದಂಡ್ಯಾಗೇ ಇದ್ದೀವ್ರಿ" ಎಂದ ಹರಿಗೋಲಿನವನು.

ನಿಮ್ಮ ಮೊಬೈಲುಗಳಲ್ಲಿ ಈಗಲೂ ಓಡಾಡುವ ದೃಶ್ಯ ಅಲ್ಲಿ ತೆಗೆದದ್ದು. ಲಚಮ್ಯಾ ಜಾಲಿ ಟೊಂಗೆಗಳಿಗೆ ಹಳೆಯ ಸೀರೆ ಕಟ್ಟಿ ಗುಡಿಸಲು ಮಾಡಿದ್ದಾನೆ. ಒಂದು ಬಂಡೆಯ ಮೇಲೆ ಗೌಡನ ಠೀವಿಯಲ್ಲಿ ಕುಳಿತು, ಮೀಸೆ ತಿರುವಿ, "ಲಚಮ್ಯಾ, ಚಾ!" ಎಂದು ಕೂಗುತ್ತಾನೆ. ತಟ್ಟನೆ ಎದ್ದು, "ಬಂದೆರೀ ಧಣೀ!" ಅನ್ನುತ್ತಾನೆ. ಓಡಿಹೋಗಿ ಮೂರು ಕಲ್ಲಿನ ಒಲೆಯಿಂದ ಚಹಾ ಇಳಿಸಿ, ತುದಿಗಾಲಲ್ಲಿ ತಂದು, ಖಾಲಿ ಬಂಡೆಗೆ ಕೊಡುತ್ತಾನೆ. ಮತ್ತೆ ಬಂಡೆಯ ಮೇಲೆ ಕುಳಿತು ಕುಡಿದು, "ಆರಿ ಹೋಗ್ಯದಲೇ!" ಎಂದು ಬೈಯುತ್ತಾನೆ. ಮತ್ತೆ ಕೆಳಗಿಳಿದು, "ತಪ್ಪಾಯ್ತ್ರಿ ಧಣೀ." ಹರಿಗೋಲಿನವನು ನಕ್ಕು ನಕ್ಕು ಉಸುಕಿನಲ್ಲಿ ಉರುಳಿದ. ಇದೆಲ್ಲ ಶಿವಶರಣಪ್ಪನವರು ಅಲ್ಲೇ ನಿಂತು ಹುಟ್ಟಿಸಿಕೊಂಡದ್ದು. ನಾನು ಬರೆದದ್ದು ಕೊನೆಯ ಮಾತು ಮಾತ್ರ. ಲಚಮ್ಯಾ ನೀರಿನ ಕಡೆ ನೋಡುತ್ತಾ, "ಆರಾಮ ಅದ ಬಿಡು. ಇಲ್ಲಿ ನನ್ನ ಯಾರೂ ಕರ್ಯಾಂಗಿಲ್ಲ" ಅನ್ನುತ್ತಾನೆ. ಚಹಾದ ಕಪ್ಪು ಕೆಳಗಿಟ್ಟು, "ಬರೋ ಎಳ್ಳಮಾಸಿಗೂ ಯಾರೂ ಕರ್ಯಾಂಗಿಲ್ಲ" ಅನ್ನುತ್ತಾನೆ.

ನಮ್ಮ ಕಡೆ ಎಳ್ಳಮಾವಾಸ್ಯೆ ಅಂದರೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು, ಆ ಅಡಿಗೆಯನ್ನು ಹೊಲದ ತುಂಬ ಎರಚಿ ಭೂಮಿತಾಯಿಗೆ ಚರಗ ಚೆಲ್ಲಬೇಕು, ಬೀಗರನ್ನು, ಗೆಳೆಯರನ್ನು, ದಾರಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿ ಉಣ್ಣಿಸಬೇಕು. ಹೊಲ ಇಲ್ಲದವರನ್ನೂ ಯಾರಾದರೂ ಕರೆದೇ ಕರೆಯುತ್ತಾರೆ. ಕಂತು ಪ್ರಸಾರವಾದದ್ದು ಆ ಹಬ್ಬದ ಮುಂಚಿನ ವಾರ. ಲಚಮ್ಯಾನ ಏಕಾಂತಕ್ಕೆ ಒಂದು ಚೂರು ಹುಳಿ ಹಿಂಡೋಣ ಎಂದು ಆ ಮಾತು ಹಾಕಿದ್ದೆ, ಅಷ್ಟೇ.

ಹಬ್ಬದ ದಿನ ಶಿವಶರಣಪ್ಪನವರು ನನ್ನನ್ನು ತಮ್ಮ ತುಂಡು ಹೊಲಕ್ಕೆ ಊಟಕ್ಕೆ ಕರೆದಿದ್ದರು. ಹೊಸ ಬೀಗರೂ ಬಂದಿದ್ದರು, ನಗೆಚಾಟಿಕೆಯ ಸಿದ್ರಾಮಪ್ಪನವರೂ ಇದ್ದರು. ಶಿವಶರಣಪ್ಪನವರು ಸ್ವಂತ ಕೈಯಿಂದ ಹೊಲಿದ ಬಿಳಿ ಅಂಗಿ ತೊಟ್ಟು, ರುಮಾಲು ಸುತ್ತಿ, ಮನೆಯ ಯಜಮಾನನಾಗಿ ಓಡಾಡುತ್ತಿದ್ದರು. ಚರಗ ಚೆಲ್ಲಿ ಆಗಿತ್ತು. ಇನ್ನೇನು ಬುತ್ತಿ ಬಿಚ್ಚಬೇಕು, ನನ್ನ ಫೋನ್ ಬಡಿದುಕೊಂಡಿತು. ಚಾಂದಸಾಬರು.

"ನೀಲಮ್ಮ, ಜಲ್ದಿ ಹೊಳಿ ದಂಡಿಗಿ ಬಾ. ಹರಗೋಲಿನಾಂವ ಫೋನ್ ಮಾಡ್ದ ಅಂತ ಬಂದೇನಿ. ಮಂದಿ ಬುತ್ತಿ ಕಟಗೊಂಡು ಬಂದು ನಡುಗಡ್ಡಿ ತುಂಬ ಕುಂತಾರ. ಲಚಮ್ಯಾ ಎಲ್ಲಿ ಅಂತ ಕೇಳಾಕತ್ತಾರ. ರೊಟ್ಟಿ ಕಾಶೀಬಾಯಿ ಅಂತೂ ಅಂವ ಬರೋತನ ಗಂಟು ಬಿಚ್ಚಂಗಿಲ್ಲ ಅಂತಾಳ!"

ವಿಷಯ ಹೇಳಿದಾಗ ಶಿವಶರಣಪ್ಪನವರ ಮುಖ ಕಪ್ಪಿಟ್ಟಿತು. ನನ್ನನ್ನು ಬದಿಗೆ ಕರೆದು, "ಇವತ್ತರ ಬ್ಯಾಡ್ರಿ ಅಕ್ಕಾರ. ಬೀಗರ ಮುಂದ ಮತ್ತ ತುದಿಗಾಲ ಮ್ಯಾಲ ನಡಿಬೇಕೇನ್ರಿ ನಾ?" ಅಂದರು. ಒತ್ತಾಯ ಮಾಡಲು ನನ್ನಿಂದಾಗಲಿಲ್ಲ. ಆದರೆ ಮುದುಕಿ ಹಸಿದು ಕುಳಿತಿದ್ದಾಳಲ್ಲ. ಆಗ ಮಗಳು ಭಾಗ್ಯಶ್ರೀ ಹತ್ತಿರ ಬಂದು ಅಪ್ಪನ ರುಮಾಲು ಸರಿಮಾಡಿದಳು. "ಹೋಗ್ರಿ ಅಪ್ಪಾ. ಲಚಮ್ಯಾ ಆಗಿ ಹೋಗಬ್ಯಾಡ್ರಿ, ಹಿಂಗೇ ಹೋಗ್ರಿ. ನಾನೂ ಬರ್ತೇನಿ" ಅಂದಳು. ಸಿದ್ರಾಮಪ್ಪನವರು, "ನಡೀರಿ, ಬುತ್ತಿ ಸುದ್ದಾ ತಗೋರಿ" ಎಂದು ಟ್ರ್ಯಾಕ್ಟರ್ ಏರಿ ಕುಳಿತರು. ಎಲ್ಲರೂ ಹೊರಟೆವು.

ನಡುಗಡ್ಡೆಯ ತುಂಬ ಕಂಬಳಿ, ಚಾಪೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಗಳ ಘಮ. ನಡುವೆ ಆಯಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಬಿಳಿ ಅಂಗಿ, ರುಮಾಲಿನ ಮನುಷ್ಯ ಹರಿಗೋಲಿನಿಂದ ಇಳಿದಾಗ ಮೊದಲು ಯಾರಿಗೂ ಗುರುತು ಹತ್ತಲಿಲ್ಲ. ಹತ್ತಿದಾಗ ಗದ್ದಲವೆಲ್ಲ ನಿಂತಿತು. ಶಿವಶರಣಪ್ಪನವರು ಕೈಮುಗಿದು ನಿಂತರು.

"ಶರಣ್ರಿ ಎಲ್ಲಾರಿಗೂ. ನಾ ಶಿವಶರಣಪ್ಪ, ಬಜಾರದಾಗ ಟೇಲರ್ ಇದ್ದೇನಿ. ಲಚಮ್ಯಾ ಅನ್ನಾಂವ ಯಾರೂ ಇಲ್ರಿ, ಅಂವ ನಾಟಕದಾಂವ. ನಿಮಗ ಸುಮ್ಮ ಇಲ್ಲಿತನ ತ್ರಾಸ ಆತು, ತಪ್ಪಾಯ್ತ್ರಿ."

ಗುಂಪಿನಲ್ಲಿ ಒಬ್ಬಾಕೆ ಕಿಲಕಿಲ ನಕ್ಕಳು. "ಅದು ನಮಗ ಗೊತ್ತಿಲ್ಲೇನ್ರಿ?"

"ಗೊತ್ತಿದ್ರ ಯಾಕ ಬಂದ್ರಿ ಮತ್ತ?" ಎಂದು ನಾನೇ ಬಾಯಿ ಹಾಕಿದೆ.

ಆಯಿ ನನ್ನ ಕಡೆ ತಿರುಗಿದಳು. "ಬರದಾಕಿ ನೀನೇ ಅಲ್ಲೇನ್ ಬೇ? ಅಂವ ಟೀವ್ಯಾಗ ಒಬ್ಬನ ಕುಂತು ಯಾರೂ ಕರ್ಯಾಂಗಿಲ್ಲ ಅಂದ. ನಾಟಕದಾಗರ ಆಗಲಿ, ಎಳ್ಳಮಾಸಿ ದಿನ ಒಬ್ಬಾಂವ ಹಂಗ ಅಂದ ಮ್ಯಾಲ ನನಗ ತುತ್ತು ಹೆಂಗ ಇಳೀಬೇಕು?" ಆಮೇಲೆ ಅವರ ಕಡೆ ನೋಡಿ, "ಹೆಸರೇನಂದಿ ಯಪ್ಪಾ?" ಎಂದು ಕೇಳಿದಳು.

"ಶಿವಶರಣಪ್ಪ, ಆಯಿ."

"ನೋಡು, ಇಷ್ಟು ವರ್ಷ ನನ್ನ ಕುಪ್ಪಸ ಹೊಲದು ಕೊಟ್ಟಿ, ಒಮ್ಮೆರ ಹೆಸರ ಕೇಳಲಿಲ್ಲ ನಾನು. ಶಿವಶರಣಪ್ಪ, ಬಾ, ಕೂಡು. ಏ, ಶಿವಶರಣಪ್ಪಗ ಜಾಗಾ ಬಿಡ್ರಲೇ!"

ಜಾಗ ಬಿಟ್ಟರು. ಆಯಿ ಗಂಟು ಬಿಚ್ಚಿದಳು. ಅಲ್ಲಿಂದ ಶುರುವಾಯಿತು ನೋಡಿ, "ಶಿವಶರಣಪ್ಪನವರ, ನಮ್ಮ ಹೋಳಿಗಿ ತಗೋರಿ", "ಶಿವಶರಣಪ್ಪನವರ, ನಮ್ಮ ಭಜ್ಜಿ ಉಣ್ರಿ". ಅವರು ತಲೆ ಬಗ್ಗಿಸಿ ಉಂಡರು, ಉಣ್ಣುತ್ತಾ ಕಣ್ಣು ಒರೆಸಿಕೊಂಡರು. ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿ ಖಾರ ಅದ ಎಂದು ನೆಪ ಹೇಳಿದರು. ನಾನೂ ಅದೇ ಖಾರದ ನೆಪದಲ್ಲಿ ಒರೆಸಿಕೊಂಡೆ.

ಊಟವಾದ ಮೇಲೆ ಯಾರೋ ಒಲೆ ಹೂಡಿ ಚಹಾ ಕುದಿಸಿದರು. ಸಿದ್ರಾಮಪ್ಪನವರು ಹೊಟ್ಟೆ ತುಂಬಿದ ಸುಖದಲ್ಲಿ ಅದೇ ಬಂಡೆಯ ಮೇಲೆ ಕುಳಿತಿದ್ದರು. ಚಹಾದ ವಾಸನೆ ಬಂದದ್ದೇ ತೊಡೆ ತಟ್ಟಿ, "ಲಚ..." ಎಂದರು. ಭಾಗ್ಯಶ್ರೀ ತಲೆ ಎತ್ತಿ ಅವರನ್ನು ನೋಡಿದಳು. ಅವರು ಬಾಯಿ ಮುಚ್ಚಿದರು. ಆಮೇಲೆ ಎದ್ದು, ತಾವೇ ಒಲೆಯ ಹತ್ತಿರ ಹೋಗಿ, ಒಂದು ತಾಟಿನಲ್ಲಿ ಕಪ್ಪು ಇಟ್ಟುಕೊಂಡರು. ಭಾರೀ ದೇಹ, ಕಾಲಡಿ ಉಸುಕು. ಚೆಲ್ಲೀತು ಎಂದು ತುದಿಗಾಲಲ್ಲಿ ನಡೆಯುತ್ತಾ ಬಂದು, ಶಿವಶರಣಪ್ಪನವರ ಮುಂದೆ ಬಗ್ಗಿ ನಿಂತರು.

"ಬೀಗರ, ಚಾ ತಗೋರಿ."

ಶಿವಶರಣಪ್ಪನವರು ಕಪ್ಪು ತೆಗೆದುಕೊಂಡರು. ಎದೆ ಸೆಟೆಸಿ ಕುಳಿತರು. ಒಂದು ಗುಟುಕು ಕುಡಿದು, ಮೀಸೆ ಒರೆಸಿ, ಥೇಟ್ ಗೌಡನ ದನಿಯಲ್ಲಿ, "ಆರಿ ಹೋಗ್ಯದಲೇ!" ಎಂದು ಗುಡುಗಿದರು.

ಸಿದ್ರಾಮಪ್ಪನವರು ಒಂದು ಕ್ಷಣ ಬೆಪ್ಪಾಗಿ, ಆಮೇಲೆ ತಾಟು ಎದೆಗವುಚಿಕೊಂಡು, "ತಪ್ಪಾಯ್ತ್ರಿ ಧಣೀ!" ಅಂದರು. ನಡುಗಡ್ಡೆಯೆಲ್ಲ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಭಾಗ್ಯಶ್ರೀ. ನಾನು ಚಾಂದಸಾಬರ ಭುಜ ಹಿಡಿದು ಅಲುಗಾಡಿಸಿ, "ಕ್ಯಾಮೆರಾ ಎಲ್ಲಿ ಅದ್ರಿ?" ಅಂದೆ. ಅವರು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, "ಹಬ್ಬದ ದಿನ ಕ್ಯಾಮೆರಾ ಯಾವಾಂವ ತರ್ತಾನ?" ಅಂದರು. ಹಾಗಾಗಿ ಜೇವರ್ಗಿಯ ತಂಗಿ, ನಿನ್ನ ಫೋನಿನಲ್ಲಿ ಇರುವುದು ಅರ್ಧ ಎಪಿಸೋಡ್ ಮಾತ್ರ. ಉಳಿದರ್ಧ ಬರೆದವರು ಬೇರೆಯವರು.

ಲಚಮ್ಯಾ ಮತ್ತೆ ಧಾರಾವಾಹಿಗೆ ಬರಲಿಲ್ಲ. ಗೌಡ ತಾನೇ ಚಹಾ ಮಾ‍ಡಿಕೊಳ್ಳಲು ಹೆಣಗಾಡುವ ಕಂತುಗಳನ್ನು ಬರೆದೆ. ರೊಟ್ಟಿಯ ಕೈಗಳು ದಿನಾ ತಪ್ಪುತ್ತಿದ್ದವು, ಚಾಂದಸಾಬರಿಗೂ ಸಮಾಧಾನವಾಯಿತು.

ಹಬ್ಬದ ಮರುದಿನ ನಾನು ಕುಪ್ಪಸದ ಅಳತೆ ಕೊಡಲು ಅಂಗಡಿಗೆ ಹೋಗಿದ್ದೆ. ಶಿವಶರಣಪ್ಪನವರು ತಲೆ ಬಗ್ಗಿಸಿ ಮಷೀನು ತುಳಿಯುತ್ತಿದ್ದರು. ಹೊರಗೆ ಒಬ್ಬ ಮೋಟರ್ ಸೈಕಲ್ ನಿಲ್ಲಿಸಿ, "ಶಿವಶರಣಪ್ಪನವರ!" ಎಂದು ಕೂಗಿದ. ಇವರು ತಲೆ ಎತ್ತಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಮಷೀನು ನಡೆಯುತ್ತಲೇ ಇತ್ತು.

"ಯಾರನ್ನೋ ಕರ್ಯಾಕತ್ತಾರ ನೋಡ್ರಿ ಅಕ್ಕಾರ" ಅಂದರು.

"ನಿಮ್ಮನ್ನೇರಿ" ಅಂದೆ.

ತುಳಿಯುವ ಕಾಲು ನಿಂತಿತು. ಅವರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದರು. ಪೂರಾ ಅಂಗಾಲು ನೆಲಕ್ಕೆ ಊರಿ, ಬಜಾರಕ್ಕೆಲ್ಲ ಕೇಳುವ ಹಾಗೆ, "ಬಂದೆರೀ!" ಎಂದು ಕೂಗಿ ಹೊರಗೆ ಹೋದರು. ಧಣಿ ಎಂಬ ಮಾತು ಅವರ ಬಾಯಿಗೆ ಬರಲೇ ಇಲ್ಲ.